ಪಠ್ಯವಿಲ್ಲದೆ ಶುರುವಾದ ತರಗತಿ

ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಎಂ.ಎ. ತರಗತಿ ಶುರುವಾದದ್ದು 1927ರಲ್ಲಿ. 2027ಕ್ಕೆ ಅದಕ್ಕೆ ನೂರು ತುಂಬುತ್ತದೆ. 1975ರಲ್ಲಿ ವಿಶ್ವವಿದ್ಯಾನಿಲಯದ ಆವರಣವಾದ ಗಂಗೋತ್ರಿಗೆ ಬಂದು 1977ರಲ್ಲಿ ಹೊರಟ ನಮ್ಮ ತಂಡಕ್ಕೂ ಅದೇ ವರ್ಷ ಐವತ್ತು. ಹಳೆಯ ಸಹಪಾಠಿಗಳು ಸೇರಿ ಒಂದು ಸ್ಮರಣ ಸಂಚಿಕೆ ತರಬೇಕೆಂದು ನಿಶ್ಚಯಿಸಿದಾಗ ಬಂದ ಲೇಖನಗಳೆಲ್ಲ ಹಾಸ್ಟೆಲಿನ ಸಾರು, ಕ್ಯಾಂಟೀನಿನ ಸಾಲ, ಕುಕ್ಕರಹಳ್ಳಿ ಕೆರೆ ಏರಿಯ ಸಂಜೆಗಳ ಸುತ್ತಲೇ ಇದ್ದವು. ಅವು ಇರಲಿ. ಆದರೆ ನಮ್ಮ ನೆನಪುಗಳನ್ನು ನಾವೇ ಬರೆದು ನಾವೇ ಓದಿಕೊಂಡರೆ ಸಂಚಿಕೆ ಯಾಕೆ ಎಂದು ಸಮಿತಿಯಲ್ಲಿ ಯಾರೋ ಕೇಳಿದರು. ನಾವು ಕೂತ ಬೆಂಚಿನ ಕತೆಯನ್ನು ಬರೆಯುವ ಕೆಲಸ ಹಾಗೆ ನನ್ನ ಪಾಲಿಗೆ ಬಂತು.

ಹಳೆಯ ಪುಸ್ತಕಗಳ ಮುನ್ನುಡಿಗಳನ್ನು ತಿರುವುತ್ತ ಹೋದಂತೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಯಿತು. ಮೊದಲ ತಂಡಕ್ಕೆ ಓದಲು ಸರಿಯಾದ ಪುಸ್ತಕಗಳೇ ಇರಲಿಲ್ಲ. ಆಮೇಲೆ ಬಂದವರು ಓದಿದ ಪುಸ್ತಕಗಳಲ್ಲಿ ಬಹುಪಾಲನ್ನು ಆ ತಂಡದವರು, ಅವರ ಮೇಷ್ಟರುಗಳು, ಅವರ ಶಿಷ್ಯರು ಸಿದ್ಧಪಡಿಸಿಕೊಟ್ಟರು. ಈ ತರಗತಿಯ ಚರಿತ್ರೆಯಲ್ಲಿ ಕಟ್ಟಡಗಳೂ ಇವೆ, ಪದವಿಗಳೂ ಇವೆ, ಅವುಗಳ ಮಾತು ಮುಂದೆ ಬರುತ್ತದೆ. ನನಗೆ ಮುಖ್ಯವಾಗಿ ಕಂಡದ್ದು ಮಾತ್ರ ಈ ಪುಸ್ತಕಗಳ ಸಾಲು.

1833–1926: ಕಾಲೇಜು ಮೊದಲು, ಕನ್ನಡ ಆಮೇಲೆ

ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ತೆರೆದ ಉಚಿತ ಇಂಗ್ಲಿಷ್ ಶಾಲೆ ಬೆಳೆಯುತ್ತ ಬೆಳೆಯುತ್ತ ಮಹಾರಾಜಾ ಕಾಲೇಜಾಯಿತು. ಬಹಳ ಕಾಲ ಅಲ್ಲಿಯ ವಿದ್ಯಾರ್ಥಿಗಳು ಮದರಾಸು ವಿಶ್ವವಿದ್ಯಾನಿಲಯದ ಪರೀಕ್ಷೆಗಳಿಗೇ ಕೂರಬೇಕಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರ ಜುಲೈ 27ರಂದು ಮೈಸೂರಿಗೆ ತನ್ನದೇ ವಿಶ್ವವಿದ್ಯಾನಿಲಯ ಬಂತು. ದೇಶೀ ಸಂಸ್ಥಾನವೊಂದರಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾನಿಲಯ ಅದು. ಮೊದಲ ಉಪಕುಲಪತಿ ಎಚ್.ವಿ. ನಂಜುಂಡಯ್ಯನವರು, ಹಿಂದಿನ ವರ್ಷವಷ್ಟೇ ಹುಟ್ಟಿದ್ದ ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರೂ ಅವರೇ. ಒಂದೇ ತಲೆಯ ಮೇಲೆ ಎರಡೂ ಪೇಟಗಳಿದ್ದರೂ ವಿಶ್ವವಿದ್ಯಾನಿಲಯದ ಉನ್ನತ ತರಗತಿಗೆ ಕನ್ನಡ ಕಾಲಿಡಲು ಇನ್ನೂ ಹನ್ನೊಂದು ವರ್ಷ ಬೇಕಾಯಿತು.

1918ರ ಅಕ್ಟೋಬರಿನಲ್ಲಿ ಮೊದಲ ಘಟಿಕೋತ್ಸವ ನಡೆದಾಗ ಭಾಷಣಕ್ಕೆ ಬಂದವರು ಕಲ್ಕತ್ತೆಯ ಸರ್ ಆಶುತೋಷ ಮುಖರ್ಜಿ. ಮರುವರ್ಷವೇ ಅವರು ಕಲ್ಕತ್ತೆಯಲ್ಲಿ ಭಾರತೀಯ ಭಾಷೆಗಳ ಎಂ.ಎ. ತರಗತಿ ತೆರೆಸಿದರು. 1921ರಲ್ಲಿ ಮೈಸೂರಿನ ಉಪಕುಲಪತಿಯಾಗಿ ಬಂದ ಬ್ರಜೇಂದ್ರನಾಥ ಸೀಲರೂ ಕಲ್ಕತ್ತೆಯವರು. ನಮ್ಮ ತರಗತಿ ಶುರುವಾದದ್ದು ಅವರ ಅವಧಿಯಲ್ಲೇ. ಅಲ್ಲಿಯ ಗಾಳಿ ಇಲ್ಲಿಗೂ ಬೀಸಿತೆಂದು ನನ್ನ ಊಹೆ. ಊಹೆಯೇ ಆದರೂ ಕಾಲ ಮತ್ತು ಜನ ಎರಡೂ ತಾಳೆಯಾಗುತ್ತವೆ.

ಮನೆಯೊಳಗಿನ ಒತ್ತಾಯವೂ ಕಡಿಮೆಯಿರಲಿಲ್ಲ. 1911ರಲ್ಲಿ ಧಾರವಾಡದಲ್ಲಿ ನಿಂತು ಕನ್ನಡ ತಲೆಯೆತ್ತುವ ಬಗೆಯನ್ನು ಹೇಳಿದ್ದ ಬಿ.ಎಂ. ಶ್ರೀಕಂಠಯ್ಯನವರು ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟರು. ಪಾಠ ಶೇಕ್ಸ್‌ಪಿಯರನದು, ಕೊನೆಗೆ ಮಾತು ನಿಲ್ಲುತ್ತಿದ್ದುದು ಕನ್ನಡದಲ್ಲಿ. 1926ರಲ್ಲಿ ಅವರು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರ್ ಆದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಕರ್ನಾಟಕ ಸಂಘ ಕಟ್ಟಿ, ಮೊದಲ ಘಟಿಕೋತ್ಸವದ ಆಸುಪಾಸಿನಲ್ಲೇ ‘ಪ್ರಬುದ್ಧ ಕರ್ನಾಟಕ’ವನ್ನು ಹೊರಡಿಸಿದ್ದವರು ಎ.ಆರ್. ಕೃಷ್ಣಶಾಸ್ತ್ರಿಗಳು. ತಳುಕಿನ ಟಿ.ಎಸ್. ವೆಂಕಣ್ಣಯ್ಯನವರ ಹೆಸರು ಆಗಲೇ ಕನ್ನಡ ಪಾಠಕ್ಕೆ ಪ್ರಸಿದ್ಧವಾಗಿತ್ತು. ಹೀಗೆ ಮೇಷ್ಟರುಗಳು ಮೊದಲು ಸಿದ್ಧರಾದರು, ತರಗತಿ ಆಮೇಲೆ ಹುಟ್ಟಿತು.

1927–1929: ಮೊದಲ ತಂಡ

ಇಂದು ನಗು ಬರಬಹುದು, ಆಗ ಅದು ಗಂಭೀರ ಪ್ರಶ್ನೆ: ಕನ್ನಡದಲ್ಲಿ ಎಂ.ಎ. ಮಾಡುವಷ್ಟು ಏನಿದೆ? ಶಾಲೆಗಳಲ್ಲಿ ಕನ್ನಡ ಹೇಳಿಕೊಡುವವರು ಪಂಡಿತರು. ಮರ್ಯಾದೆಯಲ್ಲೂ ಸಂಬಳದಲ್ಲೂ ಇಂಗ್ಲಿಷ್ ಮೇಷ್ಟರಿಗಿಂತ ಕೆಳಗೆ. ಕನ್ನಡ ಓದಿ ಹೊಟ್ಟೆ ತುಂಬೀತೇ ಎಂಬ ಮನೆಯವರ ಅಳುಕಿನಲ್ಲಿ ಅರ್ಥವಿತ್ತು. ಮೊದಲ ತಂಡಕ್ಕೆ ಸೇರಿದವರು ಬೆರಳೆಣಿಕೆಯಷ್ಟು ಜನ. ಅವರಲ್ಲಿ ಇಬ್ಬರ ಹೆಸರು ಕನ್ನಡ ಬಲ್ಲ ಎಲ್ಲರಿಗೂ ಗೊತ್ತು. ಒಬ್ಬರು ಮಲೆನಾಡಿನ ಕುಪ್ಪಳಿಯಿಂದ ಬಂದು, ತತ್ತ್ವಶಾಸ್ತ್ರದಲ್ಲಿ ಬಿ.ಎ. ಮುಗಿಸಿ, ರಾಮಕೃಷ್ಣ ಆಶ್ರಮದಲ್ಲಿ ವಾಸವಾಗಿದ್ದ ಕೆ.ವಿ. ಪುಟ್ಟಪ್ಪ, ಅಂದರೆ ಕುವೆಂಪು. ಇನ್ನೊಬ್ಬರು ಚಿಕ್ಕನಾಯಕನಹಳ್ಳಿಯ ಡಿ.ಎಲ್. ನರಸಿಂಹಾಚಾರ್. ಪುಟ್ಟಪ್ಪನವರು ಕನ್ನಡದ ಕಡೆಗೆ ಹೊರಳಿದ್ದರ ಹಿಂದೆ ವೆಂಕಣ್ಣಯ್ಯನವರ ಒತ್ತಾಸೆಯಿತ್ತು. ಆ ಋಣವನ್ನು ಅವರು ಮರೆಯಲಿಲ್ಲ. ‘ಶ್ರೀ ರಾಮಾಯಣ ದರ್ಶನಂ’ ಅರ್ಪಿತವಾಗಿರುವುದು ವೆಂಕಣ್ಣಯ್ಯನವರಿಗೇ.

ಇವರಿಗೆ ಓದಲು ಏನಿತ್ತು ಎಂದು ಲೆಕ್ಕ ಹಾಕಿ ನೋಡಿ. ಕಿಟ್ಟೆಲರ ನಿಘಂಟು 1894ರದು, ಕನ್ನಡಕ್ಕೆ ಅರ್ಥ ಇಂಗ್ಲಿಷಿನಲ್ಲಿ. ‘ಶಬ್ದಮಣಿದರ್ಪಣ’ವನ್ನು ಮಂಗಳೂರಿನ ಮಿಷನ್ ಅಚ್ಚುಕೂಟದ ಪ್ರತಿಯಲ್ಲಿ ಹುಡುಕಬೇಕು, ಅದೂ ಕಿಟ್ಟೆಲರ ಕೈಯದೇ, 1872ರದು. ‘ಕವಿರಾಜಮಾರ್ಗ’ ಕೆ.ಬಿ. ಪಾಠಕರು 1898ರಲ್ಲಿ ಅಚ್ಚು ಹಾಕಿಸಿದ್ದು. ಪಂಪಭಾರತ ಬಿ.ಎಲ್. ರೈಸರ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ದಲ್ಲಿ, ಪರಿಷತ್ತಿನ ಪರಿಷ್ಕರಣ ಬಂದದ್ದು 1931ರಲ್ಲಿ, ಅಷ್ಟರಲ್ಲಿ ಮೊದಲ ತಂಡ ಪರೀಕ್ಷೆ ಮುಗಿಸಿ ಎರಡು ವರ್ಷವಾಗಿತ್ತು. ಸಾಹಿತ್ಯ ಚರಿತ್ರೆ ಬೇಕೆಂದರೆ ಇ.ಪಿ. ರೈಸರ ಇಂಗ್ಲಿಷ್ ಪುಸ್ತಕ, ಇಲ್ಲವೇ ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’. ಅದರ ಮೊದಲ ಸಂಪುಟ 1907ರಲ್ಲಿ, ಎರಡನೆಯದು 1919ರಲ್ಲಿ ಬಂದಿದ್ದವು. ಮೂರನೆಯದು ಹೊರಬಂದದ್ದು 1929ರಲ್ಲಿ, ಈ ವಿದ್ಯಾರ್ಥಿಗಳು ಕೊನೆಯ ಪರೀಕ್ಷೆ ಬರೆದ ವರ್ಷ! ಕೈಗೆ ಸಿಗದಿದ್ದುದೆಲ್ಲ ಓಲೆಗರಿಯಲ್ಲಿತ್ತು. ಕಾಲೇಜಿಗೆ ಹತ್ತಿರದಲ್ಲೇ 1891ರಲ್ಲಿ ಸ್ಥಾಪನೆಯಾದ ಓರಿಯಂಟಲ್ ಲೈಬ್ರರಿ. ಕೌಟಿಲ್ಯನ ‘ಅರ್ಥಶಾಸ್ತ್ರ’ವನ್ನು ಶಾಮಾಶಾಸ್ತ್ರಿಗಳು ಬೆಳಕಿಗೆ ತಂದದ್ದು ಅಲ್ಲಿಂದಲೇ.

ಈ ಕೊರತೆಯನ್ನು ಕೊರತೆಯೆಂದು ಮಾತ್ರ ನೋಡಲು ನನಗೆ ಮನಸ್ಸಾಗುವುದಿಲ್ಲ. ಮುದ್ರಿತ ಪಾಠದಲ್ಲಿ ಛಂದಸ್ಸು ಎಡವಿದರೆ ಮೇಷ್ಟರೂ ವಿದ್ಯಾರ್ಥಿಯೂ ಸೇರಿ ಗಣ ಹಾಕಿ, ಅಕ್ಷರ ತಪ್ಪಿದ್ದೆಲ್ಲಿ ಎಂದು ಹುಡುಕಬೇಕಾದ ತರಗತಿ ಅದು. ಹಾಗೆ ಕಲಿತವನು ಸಂಪಾದಕನಾಗದೆ ಇನ್ನೇನಾದಾನು? ಡಿ.ಎಲ್.ಎನ್. ಹಾಗಾದರು. ನಾವು ಓದುವ ಹೊತ್ತಿಗೆ ಎಲ್ಲವೂ ಶುದ್ಧವಾಗಿ ಅಚ್ಚಾಗಿತ್ತು, ಹಾಗಾಗಿ ನಾವು ಟಿಪ್ಪಣಿ ಬಾಯಿಪಾಠ ಮಾಡಿದೆವು. ನಮ್ಮ ತಂಡದವರು ಇದನ್ನು ಓದಿ ಸಿಟ್ಟಾಗಬಾರದು. ನಾನೂ ಅದೇ ಬೆಂಚಿನವನು.

1929ರಲ್ಲಿ ಎಂ.ಎ. ಮುಗಿಸಿದ ಪುಟ್ಟಪ್ಪನವರು ಅದೇ ವರ್ಷ ಅದೇ ಕಾಲೇಜಿನಲ್ಲಿ ಅಧ್ಯಾಪಕರಾದರು. ಕನ್ನಡ ಓದಿದರೆ ಕೆಲಸ ಎಲ್ಲಿ ಎಂಬ ಪ್ರಶ್ನೆಗೆ ಸಿಕ್ಕ ಮೊದಲ ಉತ್ತರಗಳಲ್ಲಿ ಇದೂ ಒಂದು.

1930–1955: ಮೇಷ್ಟರುಗಳ ಮನೆ

ಮುಂದಿನ ಇಪ್ಪತ್ತೈದು ವರ್ಷ ಈ ತರಗತಿಗೆ ಸ್ವಂತ ಕಟ್ಟಡವಿರಲಿಲ್ಲ. ಮಹಾರಾಜಾ ಕಾಲೇಜಿನ ಎತ್ತರದ ಕಂಬಗಳ ನಡುವೆ, ಜೂನಿಯರ್ ಬಿ.ಎ. ಹಾಲಿನ ನೆರಳಿನಲ್ಲಿ ಅದು ನಡೆಯಿತು. ತರಗತಿಯಷ್ಟೇ ಪಾಠ ಮೇಷ್ಟರುಗಳ ಮನೆಯ ಜಗುಲಿಯಲ್ಲೂ ಆಗುತ್ತಿತ್ತೆಂದು ಹಿರಿಯರು ಬರೆದಿದ್ದಾರೆ.

ಪುಸ್ತಕದ ಬಡತನ ಕಳೆಯುವ ಕೆಲಸ ಹಿಡಿದದ್ದು ಈ ಅವಧಿಯಲ್ಲಿ. 1930ರ ದಶಕದಲ್ಲಿ ವಿಶ್ವವಿದ್ಯಾನಿಲಯ ‘ಕನ್ನಡ ಕೈಪಿಡಿ’ಯನ್ನು ತಂದಿತು, ಭಾಷೆ, ಛಂದಸ್ಸು, ಸಾಹಿತ್ಯ ಚರಿತ್ರೆ ಎಲ್ಲಕ್ಕೂ ತರಗತಿಯ ಮೇಷ್ಟರುಗಳೇ ಬರೆದುಕೊಟ್ಟ ಕೈಹಿಡಿ ಅದು. 1933ರಲ್ಲಿ ಪ್ರಚಾರೋಪನ್ಯಾಸಗಳು ಶುರುವಾದವು: ಕಾಲೇಜಿನ ಮೇಷ್ಟರು ಹಳ್ಳಿಗೆ, ಪೇಟೆಗೆ ಹೋಗಿ ಕನ್ನಡದಲ್ಲಿ ಮಾತಾಡುವುದು, ಆ ಮಾತು ಆಮೇಲೆ ಅಗ್ಗದ ಪುಸ್ತಿಕೆಯಾಗುವುದು. ಇಂಗ್ಲಿಷ್–ಕನ್ನಡ ನಿಘಂಟು 1946ರಲ್ಲಿ ಹೊರಬಂತು. ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತದವರಿಗೂ ಅದರ ಅನ್ನ ಸ್ವಲ್ಪ ಸಿಗಲಿ ಎಂಬ ಈ ಯೋಚನೆ ಆ ಕಾಲದ ದೊಡ್ಡ ಗುಣ.

ಸಾವುಗಳೂ ಇದೇ ಅವಧಿಯವು. ವೆಂಕಣ್ಣಯ್ಯನವರು 1939ರಲ್ಲಿ ತೀರಿಕೊಂಡರು. ಬಿ.ಎಂ.ಶ್ರೀ. 1946ರಲ್ಲಿ, ಧಾರವಾಡದಲ್ಲಿ. ಅವರು ಬದುಕಿದ್ದಾಗಲೇ, 1941ರಲ್ಲಿ, ಶಿಷ್ಯರೂ ಮಿತ್ರರೂ ಸೇರಿ ಒಪ್ಪಿಸಿದ ‘ಸಂಭಾವನೆ’ ಕನ್ನಡದ ಗೌರವ ಗ್ರಂಥಗಳಿಗೆ ಮೇಲ್ಪಂಕ್ತಿಯಾಯಿತು. ಅದರಲ್ಲಿ ಹೊಗಳಿಕೆಗಿಂತ ವಿದ್ವತ್ತು ಹೆಚ್ಚು. ನಮ್ಮಂಥ ಸ್ಮರಣ ಸಂಚಿಕೆಗಳು ಅದನ್ನೊಮ್ಮೆ ತೆರೆದು ನೋಡಿ ಆಮೇಲೆ ಅಚ್ಚಿಗೆ ಹೋಗುವುದು ಒಳ್ಳೆಯದು.

1949ರಲ್ಲಿ ಡಿ.ಎಲ್.ಎನ್. ಸಂಪಾದಿಸಿದ ‘ವಡ್ಡಾರಾಧನೆ’ ಬಂತು. ಅವರ ಸಹಪಾಠಿಯ ‘ಶ್ರೀ ರಾಮಾಯಣ ದರ್ಶನಂ’ ಅಚ್ಚಾಗಲು ತೊಡಗಿದ್ದೂ ಅದೇ ವರ್ಷ. ಒಂದೇ ಬೆಂಚಿನಲ್ಲಿ ಕೂತಿದ್ದ ಇಬ್ಬರಲ್ಲಿ ಒಬ್ಬರು ಕನ್ನಡದ ಹಳೆಯ ಗದ್ಯವನ್ನು ಓಲೆಯಿಂದ ಎತ್ತಿಕೊಟ್ಟರು, ಇನ್ನೊಬ್ಬರು ಹೊಸ ಮಹಾಕಾವ್ಯ ಬರೆದರು. ಇಷ್ಟು ಭಿನ್ನವಾದ ಇಬ್ಬರನ್ನು ಒಂದೇ ಸಿಲಬಸ್ಸು ಹೊರತಂದಿತೆಂಬುದು ನನಗೆ ಈಗಲೂ ಸೋಜಿಗ. ಕೃಷ್ಣಶಾಸ್ತ್ರಿಗಳ ‘ವಚನ ಭಾರತ’ 1950ರದು; ಮೇಷ್ಟರು ನಿವೃತ್ತರಾದ ಮೇಲೆ ಕನ್ನಡದ ಮನೆಮನೆಗೂ ಕಳಿಸಿದ ಮಹಾಭಾರತ. ಇಂಗ್ಲಿಷ್ ಎಂ.ಎ. ಜೊತೆಗೆ ಕನ್ನಡ ಎಂ.ಎ. ಮಾಡಿದ್ದ ತೀ.ನಂ. ಶ್ರೀಕಂಠಯ್ಯನವರು ‘ಭಾರತೀಯ ಕಾವ್ಯಮೀಮಾಂಸೆ’ ಬರೆದ ಮೇಲೆ ರಸ–ಧ್ವನಿಗಳಿಗಾಗಿ ಸಂಸ್ಕೃತದ ಬಾಗಿಲು ತಟ್ಟಬೇಕಾದ ಭಯ ಕನ್ನಡ ವಿದ್ಯಾರ್ಥಿಗೆ ತಪ್ಪಿತು.

ಸಿಲಬಸ್ಸಿನಲ್ಲಿ ಹಳಗನ್ನಡ ಎಷ್ಟು ಹೊಸಗನ್ನಡ ಎಷ್ಟು, ಬೋಧನೆ ಇಂಗ್ಲಿಷಿನಲ್ಲೋ ಕನ್ನಡದಲ್ಲೋ ಎಂಬ ಚರ್ಚೆಗಳು ಆಗ ಖಾರವಾಗಿಯೇ ನಡೆದವು. ಆ ಹಿರಿಯರ ನಡುವೆ ಅಭಿಪ್ರಾಯಭೇದವಿತ್ತು, ಗೌರವಕ್ಕೆ ಕೊರತೆಯಿರಲಿಲ್ಲ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

1956–1969: ಗಂಗೋತ್ರಿ

1955ರಲ್ಲಿ ಕುವೆಂಪು ಮಹಾರಾಜಾ ಕಾಲೇಜಿನ ಪ್ರಿನ್ಸಿಪಾಲರು, 1956ರಲ್ಲಿ ಉಪಕುಲಪತಿ. ಮೈಸೂರು ವಿಶ್ವವಿದ್ಯಾನಿಲಯದಲ್ಲೇ ಪದವಿ ಪಡೆದವರೊಬ್ಬರು ಅದರ ಉಪಕುಲಪತಿಯಾದದ್ದು ಅದೇ ಮೊದಲು. ಅವರು ಕನ್ನಡ ಎಂ.ಎ. ಆಗಿದ್ದರೆಂಬುದು ನಮಗೆ ಹೆಚ್ಚಿನ ಹೆಮ್ಮೆ. ಅದೇ ವರ್ಷ ನವೆಂಬರಿನಲ್ಲಿ ರಾಜ್ಯ ಏಕೀಕರಣವಾಯಿತು. ಹಳೆಯ ಸಂಸ್ಥಾನದ ಕಾಲೇಜೊಂದರ ಕನ್ನಡ ವಿಭಾಗದ ಹೊಣೆ ಈಗ ದೊಡ್ಡದಾಯಿತು: ರಾಜ್ಯದ ಭಾಷೆ ಕನ್ನಡವಾದ ಮೇಲೆ ಅದನ್ನು ಕಾಲೇಜಿನಲ್ಲಿ ಹೇಳಿಕೊಡುವವರು ಎಲ್ಲಿ, ವಿಜ್ಞಾನ–ಚರಿತ್ರೆಗಳನ್ನು ಅದರಲ್ಲಿ ಬರೆಯುವವರು ಎಲ್ಲಿ?

ಕುವೆಂಪು ಇದಕ್ಕೆ ಜಾಗವನ್ನೂ ಹೆಸರನ್ನೂ ಕೊಟ್ಟರು. ಕುಕ್ಕರಹಳ್ಳಿ ಕೆರೆಯ ಮಗ್ಗುಲಲ್ಲಿ, ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರಿಗಾಗಿ 1905ರಲ್ಲಿ ಕಟ್ಟಿದ ಜಯಲಕ್ಷ್ಮೀವಿಲಾಸ ಅರಮನೆಯೂ ಅದರ ವಿಸ್ತಾರವಾದ ನೆಲವೂ ವಿಶ್ವವಿದ್ಯಾನಿಲಯಕ್ಕೆ ಬಂದವು. 1960ರಲ್ಲಿ ಅಲ್ಲಿ ಸ್ನಾತಕೋತ್ತರ ಆವರಣ ತಲೆಯೆತ್ತಿತು. ಮಾನಸಗಂಗೋತ್ರಿ ಎಂದು ಕರೆದವರು ಅವರೇ. ಆಟೋದವರಿಗೂ ಹುಡುಗರಿಗೂ ಅದು ಬರೀ ಗಂಗೋತ್ರಿ.

1966ರಲ್ಲಿ ವಿಭಾಗ ಕನ್ನಡ ಅಧ್ಯಯನ ಸಂಸ್ಥೆಯಾಯಿತು, ದೇ. ಜವರೇಗೌಡರು ನಿರ್ದೇಶಕರು. ಹೆಸರು ಬದಲಾದಂತೆ ಗುರಿಯೂ ಬದಲಾಯಿತು. ಎಂ.ಎ. ಪಾಠ ಈಗ ಹಲವು ಕೆಲಸಗಳಲ್ಲಿ ಒಂದು. ಹಸ್ತಪ್ರತಿ ಸಂಗ್ರಹ, ಗ್ರಂಥಸಂಪಾದನೆ, ಅನುವಾದ, ನಿಘಂಟು, ವಿಶ್ವಕೋಶ, ಜಾನಪದ ಎಲ್ಲ ಒಂದೇ ಸೂರಿನಡಿ ಬಂದವು. ಕನ್ನಡ ವಿಶ್ವಕೋಶದ ಮೊದಲ ಸಂಪುಟ 1969ರಲ್ಲಿ ಹೊರಬಂತು. 1968ರಲ್ಲಿ ಶುರುವಾದ ಜಾನಪದ ವಸ್ತುಸಂಗ್ರಹಾಲಯ ಜಯಲಕ್ಷ್ಮೀವಿಲಾಸದೊಳಗೆ ನೆಲೆಸಿತು. ಜೀ.ಶಂ. ಪರಮಶಿವಯ್ಯನವರು ಹಳ್ಳಿ ಹಳ್ಳಿ ಅಲೆದು ಹಾಡುಗಳನ್ನು ಕೂಡಿಹಾಕುತ್ತಿದ್ದ ಕಾಲ ಅದು. ಅರಸುಮನೆತನದವರಿಗೆಂದು ಕಟ್ಟಿದ ಸಭಾಂಗಣದಲ್ಲಿ ನೇಗಿಲು, ಕುಂದಣಿಗೆ, ಸೋಮನ ಮುಖವಾಡಗಳನ್ನು ಜೋಡಿಸಿಟ್ಟದ್ದರ ಸೊಗಸನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಮರಿಗಳೂ ಹಾರತೊಡಗಿದ್ದವು. 1953ರ ಎಂ.ಎ. ಜಿ.ಎಸ್. ಶಿವರುದ್ರಪ್ಪನವರು ಹೈದರಾಬಾದಿನ ಉಸ್ಮಾನಿಯಾಕ್ಕೆ ಹೋಗಿ, ಅಲ್ಲಿಂದ ಬೆಂಗಳೂರು ವಿಶ್ವವಿದ್ಯಾನಿಲಯಕ್ಕೆ ಬಂದು ಅಲ್ಲಿಯ ಕನ್ನಡ ಅಧ್ಯಯನ ಕೇಂದ್ರವನ್ನು ಕಟ್ಟಿದರು. ಶಾಸನಗಳ ಸಾಂಸ್ಕೃತಿಕ ಅಧ್ಯಯನದಿಂದ ಸಂಶೋಧನೆಗೆ ಹೊಸ ದಾರಿ ತೋರಿಸಿದ ಎಂ. ಚಿದಾನಂದಮೂರ್ತಿಯವರೂ ಅಲ್ಲಿಗೇ ಹೋದರು. 1968ರಲ್ಲಿ ಕೊಣಾಜೆಯ ಗುಡ್ಡದ ಮೇಲೆ ಮಂಗಳಗಂಗೋತ್ರಿ ಹುಟ್ಟಿದಾಗ ಕನ್ನಡ ವಿಭಾಗವನ್ನು ನಿಲ್ಲಿಸಿದವರು ಎಸ್.ವಿ. ಪರಮೇಶ್ವರ ಭಟ್ಟರು. ಆ ಕೇಂದ್ರವೇ 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವಾಯಿತು. ಮೈಸೂರಿನವರು ಎಲ್ಲ ಕಡೆ ತುಂಬಿಕೊಂಡರೆಂಬ ಆಕ್ಷೇಪ ಆಗ ಕೇಳಿಬರುತ್ತಿತ್ತು. ಪೂರ್ತಿ ಸುಳ್ಳೇನಲ್ಲ. ಹೇಳಿಕೊಡಬಲ್ಲವರು ಆಗ ಸಿಗುತ್ತಿದ್ದ ಜಾಗಗಳೂ ಹೆಚ್ಚಿರಲಿಲ್ಲ.

1975–1977: ನಮ್ಮ ಎರಡು ವರ್ಷ

ನಾವು ತಡವಾಗಿ ಬಂದವರು. ತೀ.ನಂ.ಶ್ರೀ. 1966ರಲ್ಲಿ, ಕೃಷ್ಣಶಾಸ್ತ್ರಿಗಳು 1968ರಲ್ಲಿ, ಡಿ.ಎಲ್.ಎನ್. 1971ರಲ್ಲಿ ತೀರಿಕೊಂಡಿದ್ದರು. ಕುವೆಂಪು ಒಂಟಿಕೊಪ್ಪಲಿನ ‘ಉದಯರವಿ’ಯಲ್ಲಿದ್ದರು, ಆ ಗೇಟಿನ ಮುಂದೆ ನಿಧಾನವಾಗಿ ನಡೆದುಹೋಗುವುದೇ ನಮ್ಮಲ್ಲಿ ಕೆಲವರಿಗೆ ಪಠ್ಯೇತರ ಚಟುವಟಿಕೆ. ಸಂಸ್ಥೆಗೆ ಹಾ.ಮಾ. ನಾಯಕರು ನಿರ್ದೇಶಕರು. ಆವರಣದಲ್ಲಿ ಕನ್ನಡ ಬರೆಯುವವರು ಕನ್ನಡ ವಿಭಾಗದಲ್ಲಷ್ಟೇ ಇರಲಿಲ್ಲ: ಇಂಗ್ಲಿಷ್ ವಿಭಾಗದಲ್ಲಿ ಯು.ಆರ್. ಅನಂತಮೂರ್ತಿಯವರಿದ್ದರು. ನಮ್ಮ ಕ್ಲಾಸು ಮುಗಿದ ಕೂಡಲೇ ಆ ಕಡೆಯ ಚರ್ಚೆ ಕೇಳಲು ಓಡುವವರಿದ್ದರು, ಓಡಿದವರನ್ನು ಅನುಮಾನದಿಂದ ನೋಡುವವರೂ ಇದ್ದರು. ನವ್ಯವೋ ನವೋದಯವೋ ಎಂದು ಹಾಸ್ಟೆಲಿನ ರೂಮುಗಳಲ್ಲಿ ದೀಪ ಆರುವವರೆಗೂ ವಾದ. ಅರ್ಧ ಜನ ಎರಡನ್ನೂ ಓದಿರಲಿಲ್ಲ.

ನಾವು ಸೇರಿದ ವರ್ಷವೇ ತುರ್ತುಪರಿಸ್ಥಿತಿ. ಮಾತು ಜಾಗರೂಕವಾಯಿತು. ಅದಕ್ಕಿಂತ ಆಳವಾಗಿ ತರಗತಿಯನ್ನು ತಟ್ಟಿದ್ದು ಅದಕ್ಕೂ ಎರಡು ವರ್ಷ ಹಿಂದಿನ ಘಟನೆ. 1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಇದೇ ಮೈಸೂರಿನಲ್ಲಿ ಕನ್ನಡ ಸಾಹಿತ್ಯವನ್ನು ಬೂಸಾ ಎಂದದ್ದು, ಅದರ ಮೇಲೆ ಎದ್ದ ಗಲಭೆ, ಅವರ ರಾಜೀನಾಮೆ ಎಲ್ಲವೂ ಇನ್ನೂ ಬಿಸಿಯಾಗಿದ್ದವು. ಕನ್ನಡ ಎಂ.ಎ. ಓದಲು ಬಂದವರಿಗೆ ಅದು ಬರಿಯ ಸುದ್ದಿಯಾಗಿರಲಿಲ್ಲ. ಈ ಸಾಹಿತ್ಯದಲ್ಲಿ ನಾನೆಲ್ಲಿದ್ದೇನೆ ಎಂದು ಪಂಪನ ಪಾಠದ ನಡುವೆ ಕೇಳಿದವರು ನಮ್ಮಲ್ಲಿದ್ದರು. ಆ ಪ್ರಶ್ನೆಗೆ ಮುಖ ತಿರುಗಿಸಿದವರೂ ಇದ್ದರು. ಬೆಂಚುಗಳು ಕೆಲದಿನ ಎರಡಾದದ್ದು ನಿಜ. ಮತ್ತೆ ಒಂದಾದೆವು ಎನ್ನುವುದು ಸಂಚಿಕೆಗೆ ಒಪ್ಪುವ ಮಾತು. ಕೆಲವರು ಒಂದಾದೆವು, ಕೆಲವರು ಸುಮ್ಮನಾದೆವು ಎಂಬುದು ಸತ್ಯಕ್ಕೆ ಹತ್ತಿರ. ಮುಂದಿನ ದಶಕದಲ್ಲಿ ದಲಿತ–ಬಂಡಾಯ ಸಾಹಿತ್ಯ ಸಿಲಬಸ್ಸಿನೊಳಕ್ಕೆ ಬಂದಾಗ ಆ ಪ್ರಶ್ನೆ ಕೇಳಿದ್ದವರೇ ಅದನ್ನು ಚೆನ್ನಾಗಿ ಹೇಳಿಕೊಟ್ಟರು.

ಬೆಂಚಿನ ಮೇಲೆ ಯಾರು ಕೂತಿದ್ದರು ಎಂಬುದೇ ಬದಲಾಗಿತ್ತಲ್ಲ. ದೇವರಾಜ ಅರಸರ ಕಾಲ. ಹಾವನೂರು ಆಯೋಗದ ವರದಿ ಬಂದದ್ದು 1975ರಲ್ಲೇ. ವಿದ್ಯಾರ್ಥಿನಿಲಯ, ವಿದ್ಯಾರ್ಥಿವೇತನಗಳ ಬಲದಿಂದ ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಕಂಡವರು ನಮ್ಮ ತಂಡದಲ್ಲಿ ತುಂಬ. ಹೆಣ್ಣುಮಕ್ಕಳೂ ಹಿಂದಿನ ತಂಡಗಳಿಗಿಂತ ಹೆಚ್ಚು. 1927ರಲ್ಲಿ ಕನ್ನಡ ಎಂ.ಎ. ಸೇರುವುದು ಬೇರೆ ಅವಕಾಶ ಬಿಟ್ಟುಕೊಡುವ ಧೈರ್ಯವಾಗಿತ್ತು. ನಮ್ಮಲ್ಲಿ ಹಲವರಿಗೆ ಅದು ಕೈಗೆಟುಕಿದ ಒಂದೇ ಅವಕಾಶ. ರಾಜ್ಯದಲ್ಲಿ ಎರಡು ವರ್ಷದ ಪಿಯುಸಿ ಬಂದು ತಾಲ್ಲೂಕು ಊರುಗಳಲ್ಲಿ ಜೂನಿಯರ್ ಕಾಲೇಜುಗಳು ಏಳುತ್ತಿದ್ದವು, ಎಲ್ಲ ಕಡೆ ಕನ್ನಡ ಉಪನ್ಯಾಸಕರು ಬೇಕಾಗಿದ್ದರು. ಹಳ್ಳಿಯಿಂದ ಬಂದವನು ಎರಡೇ ವರ್ಷದಲ್ಲಿ ಇನ್ನೊಂದು ಹಳ್ಳಿಯ ಹತ್ತಿರದ ಊರಿಗೆ ಲೆಕ್ಚರರ್ ಆಗಿ ಹೋಗುವುದು: ಈ ತರಗತಿ ಸಮಾಜಕ್ಕೆ ಮಾಡಿದ ಉಪಕಾರದಲ್ಲಿ ಇದೇ ದೊಡ್ಡದೆಂದು ನಾನು ಎಣಿಸುತ್ತೇನೆ. ಕವಿಗಳು ಹೇಗಿದ್ದರೂ ಬರುತ್ತಿದ್ದರು.

ನಮ್ಮ ಕೈಯಲ್ಲಿದ್ದ ಪುಸ್ತಕಗಳನ್ನು ಈಗ ನೋಡಿ. ‘ವಡ್ಡಾರಾಧನೆ’ ಡಿ.ಎಲ್.ಎನ್. ಅವರದು. ‘ಶಬ್ದಮಣಿದರ್ಪಣ’ವೂ ಅವರದೇ. ಪಂಪನ ಕಷ್ಟದ ಪದ್ಯಕ್ಕೆ ‘ಪಂಪಭಾರತ ದೀಪಿಕೆ’, ಪಾಠಾಂತರದ ಪೇಪರಿಗೆ ‘ಕನ್ನಡ ಗ್ರಂಥಸಂಪಾದನೆ’, ಎರಡೂ ಅವರವೇ. ಕುಮಾರವ್ಯಾಸನನ್ನು ಓದಿದ್ದು ಕುವೆಂಪು–ಮಾಸ್ತಿ ಸಂಪಾದಕತ್ವದ ಪ್ರತಿಯಲ್ಲಿ. ಮೀಮಾಂಸೆಗೆ ತೀ.ನಂ.ಶ್ರೀ., ಸೌಂದರ್ಯ ವಿಚಾರಕ್ಕೆ ಶಿವರುದ್ರಪ್ಪನವರ ಪ್ರಬಂಧ, ಅಲ್ಲಮನಿಗೆ ಎಲ್. ಬಸವರಾಜು, ಶಾಸನಕ್ಕೆ ಚಿದಾನಂದಮೂರ್ತಿ. ಮಾಸ್ತಿಯವರೊಬ್ಬರನ್ನು ಬಿಟ್ಟರೆ ಉಳಿದವರೆಲ್ಲ ಈ ವಿಭಾಗದಲ್ಲಿ ಓದಿದವರು ಅಥವಾ ಪಾಠ ಹೇಳಿದವರು. ಪರೀಕ್ಷೆಯ ಹಿಂದಿನ ರಾತ್ರಿ ಇದು ನಮಗೆ ಹೊಳೆಯಲಿಲ್ಲ, ಹೊಳೆಯುವ ಹೊತ್ತೂ ಅದಾಗಿರಲಿಲ್ಲ.

1977ರಿಂದ ಈಚೆಗೆ

ಈ 50 ವರ್ಷದ ವಿವರಗಳನ್ನು ನಮ್ಮ ನಂತರದ ತಂಡಗಳು ಬರೆಯಬೇಕು. ಸಂಸ್ಥೆಯ ಹೆಸರಿಗೆ ಕುವೆಂಪು ಅವರ ಹೆಸರು ಸೇರಿತು. ವಿಶ್ವಕೋಶದ 14 ಸಂಪುಟಗಳು 2004ರ ಹೊತ್ತಿಗೆ ಮುಗಿದವು. 2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ಸಿಕ್ಕಿತು. ಹಳಗನ್ನಡವನ್ನು ತಪ್ಪಿಲ್ಲದೆ ಓದಬಲ್ಲವರನ್ನು ಹುಡುಕಬೇಕಾದ ಕಾಲವೂ ಅದೇ. ಪ್ರೀವಿಯಸ್–ಫೈನಲ್ ಹೋಗಿ ಸೆಮಿಸ್ಟರುಗಳಾದವು. ಆರು ತಿಂಗಳಿಗೊಮ್ಮೆ ಪರೀಕ್ಷೆಯಾದರೆ ರನ್ನನ ಗದಾಯುದ್ಧ ಯಾವಾಗ ಮುಗಿಯುತ್ತದೆಂದು ನಮ್ಮ ಕಾಲದವರು ಗೊಣಗುತ್ತಾರೆ. ನಮ್ಮ ಮೇಷ್ಟರುಗಳು ನಮ್ಮನ್ನು ನೋಡಿ ಹೀಗೇ ಗೊಣಗಿದ್ದರು.

ನಮ್ಮ ತಂಡದವರಲ್ಲಿ ಹೆಚ್ಚಿನವರು ನಿವೃತ್ತರಾಗಿ ಬಹಳ ವರ್ಷಗಳಾದವು, ಕೆಲವರು ಇಲ್ಲ. 2027ರ ಕಾರ್ಯಕ್ರಮಕ್ಕೆ ಫಲಕ, ಪ್ರತಿಮೆ, ದತ್ತಿ ಬಹುಮಾನ ಎಂಬ ಸಲಹೆಗಳು ಬಂದವು. ಸಮಿತಿ ಕೊನೆಗೆ ಒಪ್ಪಿದ್ದು ಬೇರೆಯದನ್ನು. 1975ರಿಂದ 77ರವರೆಗೆ ನಾವು ತರಗತಿಯಲ್ಲಿ ಗೀಚಿಕೊಂಡ ನೋಟ್ಸುಗಳು ಹಲವರ ಟ್ರಂಕಿನಲ್ಲಿ ಇನ್ನೂ ಇವೆ. ಒಬ್ಬೊಬ್ಬರ ನೋಟ್ಸು ಅರ್ಧಂಬರ್ಧ; ನಾಲ್ಕೈದು ಜನರದನ್ನು ಪಕ್ಕಪಕ್ಕ ಇಟ್ಟರೆ ಒಂದು ಪೂರ್ತಿ ಉಪನ್ಯಾಸವನ್ನು ಕಟ್ಟಬಹುದು. ನಮ್ಮ ಮೇಷ್ಟರುಗಳು ಹೇಳಿ ಎಲ್ಲೂ ಬರೆಯದೆ ಹೋದ ಮಾತುಗಳು ಆ ಹಾಳೆಗಳಲ್ಲಿವೆ. ಪಾಠಾಂತರಗಳಿಗೇನೂ ಕೊರತೆಯಾಗದು, ಅಕ್ಷರ ಕೆಟ್ಟವರು ನಮ್ಮಲ್ಲಿ ಧಾರಾಳವಾಗಿದ್ದಾರೆ. ನೋಟ್ಸು ಇಟ್ಟುಕೊಂಡವರು ದಯವಿಟ್ಟು ಪ್ರತಿ ಮಾಡಿಸಿ ಕಳಿಸಿ, ಯಾವ ಮೇಷ್ಟರ ಯಾವ ಪೇಪರು ಎಂದು ಮೊದಲ ಹಾಳೆಯ ಮೇಲೆ ಬರೆದು.